ಹಳೆಯ ಪಟ್ಟಿಗಳನ್ನು ಎಸೆಯುವ ಮುನ್ನ



ಎಮರಿವಿಲ್ಲಿನಲ್ಲಿ, ರೈಲು ಹಳಿಗಳಿಂದ ಅನತಿ ದೂರದಲ್ಲಿ, ನಮ್ಮ ಕೂಟದ ಹೆಸರಿನಲ್ಲಿ ಒಂದು ಬಾಡಿಗೆಯ ಸ್ಟೋರೇಜ್ ಕೋಣೆ ಇದೆ. ರಾಜ್ಯೋತ್ಸವದ ಬ್ಯಾನರುಗಳು, ನಾಟಕದ ಪರದೆಗಳು, ಗೌರಿ-ಗಣೇಶನ ಮಂಟಪ, ಎರಡು ದೀಪದ ಕಂಬಗಳು, ಒಂದು ಕಿವುಡು ಮೈಕು: ಇವುಗಳನ್ನು ತರಲೆಂದು ಅಲ್ಲಿಗೆ ಹೋಗಿಬಂದ ಸ್ವಯಂಸೇವಕರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಕೋಣೆಯ ಹಿಂಬದಿಯ ಗೋಡೆಗೆ ಒತ್ತಿ ಜೋಡಿಸಿಟ್ಟ ಹನ್ನೊಂದು ರಟ್ಟಿನ ಪೆಟ್ಟಿಗೆಗಳನ್ನು ತೆರೆದು ನೋಡಿದವರು ವಿರಳ. ಅವುಗಳಲ್ಲಿರುವುದು ಕೂಟದ ಹಳೆಯ ಕಾಗದಪತ್ರಗಳು.

ಬಾಡಿಗೆ ಏರಿದೆ. ಇನ್ನೂ ಚಿಕ್ಕ ಕೋಣೆಗೆ ಹೋಗುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಆ ತೀರ್ಮಾನಕ್ಕೆ ನಮ್ಮ ವಿರೋಧವಿಲ್ಲ. ಆದರೆ ಅದರ ಜೊತೆಗೆ ಕೇಳಿಬಂದಿರುವ ಸಲಹೆಯೊಂದಿದೆ: ಪರದೆ, ಮಂಟಪ, ದೀಪದ ಕಂಬಗಳನ್ನು ಉಳಿಸಿಕೊಂಡು, ಪೆಟ್ಟಿಗೆಗಳನ್ನು ಹಾಗೆಯೇ ಮರುಬಳಕೆಯ ತೊಟ್ಟಿಗೆ ಹಾಕಿಬಿಡೋಣ. ಈ ಸಲಹೆಯನ್ನು ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ. ಅದೇಕೆಂದು ಹೇಳುವುದೇ ಈ ಲೇಖನದ ಉದ್ದೇಶ.

ಸಲಹೆ ಕೊಟ್ಟವರ ವಾದವನ್ನು ಮೊದಲು ನ್ಯಾಯವಾಗಿ ಮುಂದಿಡುವುದು ನಮ್ಮ ಕರ್ತವ್ಯ. ಪೆಟ್ಟಿಗೆಗಳಲ್ಲಿ ಏನಿದೆ? ಕವಿತೆಗಳಿಲ್ಲ, ಭಾಷಣಗಳಿಲ್ಲ. ನಮ್ಮ ವಾರ್ಷಿಕ ಸಂಚಿಕೆಗಳು ಎಷ್ಟೋ ಮನೆಗಳ ಕಪಾಟುಗಳಲ್ಲಿ ಭದ್ರವಾಗಿವೆ. ಗಣ್ಯರು ಬಂದಾಗ ತೆಗೆದ ಛಾಯಾಚಿತ್ರಗಳೂ ಉಳಿದಿವೆ. ಪೆಟ್ಟಿಗೆಗಳಲ್ಲಿರುವುದು ಸಭಾಂಗಣದ ಮುಂಗಡ ಹಣಕ್ಕಾಗಿ ಬರೆದ ಪತ್ರಗಳು, ಕುರ್ಚಿ ಬಾಡಿಗೆಯ ರಸೀದಿಗಳು, ಅಡುಗೆ ಸಾಮಾನಿನ ಪಟ್ಟಿಗಳು, ಸದಸ್ಯತ್ವ ಶುಲ್ಕದ ಲೆಕ್ಕ, ಸಭೆಗಳ ನಡಾವಳಿ. ಇವನ್ನು ಯಾರು ಓದುತ್ತಾರೆ? ಯಾವ ಮಗು ತನ್ನ ಅಜ್ಜಿ-ತಾತಂದಿರ ಕಾಲದ ತೊಗರಿಬೇಳೆಯ ಬಿಲ್ಲನ್ನು ನೋಡಿ ಕನ್ನಡವನ್ನು ಪ್ರೀತಿಸಲು ಕಲಿಯುತ್ತದೆ? ಪ್ರಶ್ನೆ ಸಮಂಜಸವಾಗಿಯೇ ಇದೆ.

ಇದಕ್ಕೆ ಉತ್ತರ ಹುಡುಕಲು ನಾವಿರುವ ಈ ದೇಶದ ಇತಿಹಾಸವನ್ನೇ ಸ್ವಲ್ಪ ತಿರುವಿ ನೋಡೋಣ.

1800ನೆಯ ಇಸವಿಯ ನವೆಂಬರ್ 8ರ ರಾತ್ರಿ ವಾಷಿಂಗ್ಟನ್ನಿನಲ್ಲಿದ್ದ ಅಮೆರಿಕದ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿತ್ತು. ಸರ್ಕಾರ ಫಿಲಡೆಲ್ಫಿಯಾದಿಂದ ಹೊಸ ರಾಜಧಾನಿಗೆ ಬಂದು ಇನ್ನೂ ಕೆಲವೇ ತಿಂಗಳುಗಳಾಗಿದ್ದವು. ಹೊಸ ಗಣರಾಜ್ಯದ ಸೇನಾಡಳಿತದ ಕಾಗದಗಳೆಲ್ಲ ಒಂದೇ ರಾತ್ರಿಯಲ್ಲಿ ಬೂದಿಯಾದವು. ಅವು ಬರಿಯ ಯುದ್ಧವರ್ಣನೆಗಳಾಗಿರಲಿಲ್ಲ. ಯಾವ ಕೋಟೆಗೆ ಎಷ್ಟು ಹಿಟ್ಟು ಹೋಯಿತು, ಯಾವ ಗುತ್ತಿಗೆದಾರ ಎಷ್ಟು ಜೊತೆ ಜೋಡು ಒದಗಿಸಿದ, ಯಾವ ಸಿಪಾಯಿಯ ಸಂಬಳ ಬಾಕಿ ಉಳಿಯಿತು, ಮೂಲನಿವಾಸಿ ಜನಾಂಗಗಳಿಗೆ ಒಪ್ಪಂದದಂತೆ ಕೊಡಬೇಕಾದ ಸರಕು ತಲುಪಿತೇ ಇಲ್ಲವೇ: ಇಂಥ ವಿವರಗಳೇ ಅವುಗಳಲ್ಲಿ ತುಂಬಿದ್ದವು. ಅಂದರೆ ನಮ್ಮ ಎಮರಿವಿಲ್ಲಿನ ಪೆಟ್ಟಿಗೆಗಳಲ್ಲಿರುವ ಜಾತಿಯ ಕಾಗದಗಳೇ.

ಅವು ಹೋದದ್ದರಿಂದ ನಷ್ಟವಾದದ್ದು ಯಾರಿಗೆ? ಇತಿಹಾಸಕಾರರಿಗಿಂತ ಮೊದಲು ಸಿಪಾಯಿಗಳಿಗೆ. ಕ್ರಾಂತಿಯುದ್ಧದಲ್ಲಿ ಹೋರಾಡಿ ಗಾಯಗೊಂಡವರು ಪಿಂಚಣಿಗಾಗಿ ಅದುವರೆಗೆ ಸಲ್ಲಿಸಿದ್ದ ಅರ್ಜಿಗಳು ಆ ಬೆಂಕಿಯಲ್ಲಿ ನಾಶವಾದವು. 1814ರ ಆಗಸ್ಟಿನಲ್ಲಿ ಬ್ರಿಟಿಷ್ ಸೇನೆ ವಾಷಿಂಗ್ಟನ್ನಿಗೆ ಬೆಂಕಿಯಿಟ್ಟಾಗ ಮತ್ತಷ್ಟು ಹೋಯಿತು. ಮುಂದೆ 1818ರಲ್ಲಿಯೂ 1832ರಲ್ಲಿಯೂ ಪಿಂಚಣಿಯ ಹೊಸ ಕಾನೂನುಗಳು ಬಂದಾಗ, ಎಪ್ಪತ್ತು-ಎಂಬತ್ತು ವರ್ಷದ ಮುದುಕರು ನ್ಯಾಯಾಲಯದ ಕಟ್ಟೆ ಹತ್ತಿ, ತಾವು ಯಾವ ದಳದಲ್ಲಿದ್ದೆವು, ನಾಯಕನ ಹೆಸರೇನು, ಯಾವ ಕಾಳಗ ಕಂಡೆವು ಎಂದು ನೆನಪಿನಿಂದ ಹೇಳಬೇಕಾಯಿತು. ಅವರಲ್ಲಿ ಎಷ್ಟೋ ಮಂದಿಯ ಬಳಿ ತೋರಿಸಲು ಒಂದು ಚೂರು ಕಾಗದವಿರಲಿಲ್ಲ. ಕಾಗದವಿದ್ದಿದ್ದರೆ ಒಂದು ಸಾಲಿನಲ್ಲಿ ಮುಗಿಯಬಹುದಾಗಿದ್ದ ಮಾತಿಗೆ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ಸರಕಿನ ಪಟ್ಟಿಗೂ ಸಿಪಾಯಿಯ ಪ್ರಾಣಕ್ಕೂ ಇದ್ದ ನಂಟನ್ನು ಅರಿಯದವರು ಆ ಕಾಲದಲ್ಲಿ ಇರಲಿಲ್ಲ. 1777ರ ಡಿಸೆಂಬರ್ 23ರಂದು ವ್ಯಾಲಿ ಫೋರ್ಜ್ ಶಿಬಿರದಿಂದ ಜಾರ್ಜ್ ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ ಒಂದು ಅಂಕಿಯಿದೆ: 2,898. ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದಾದ ಸಿಪಾಯಿಗಳ ಸಂಖ್ಯೆ ಅದು. ಸುಮಾರು ಮೂರು ಸಾವಿರವೆಂದು ಬರೆದಿದ್ದರೆ ಕಾಂಗ್ರೆಸ್ಸಿನ ಸದಸ್ಯರು ಅದನ್ನು ಸೇನಾಪತಿಯ ಗೊಣಗಾಟವೆಂದು ಬದಿಗಿಡಬಹುದಿತ್ತು. ಒಬ್ಬೊಬ್ಬನನ್ನೂ ಎಣಿಸಿ ಬರೆದ ಅಂಕಿಯನ್ನು ಬದಿಗಿಡುವುದು ಕಷ್ಟ.

ನಮ್ಮ ನಾಡಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್ ಹತ್ತು ವರ್ಷಗಳ ತರುವಾಯ ಮೈಸೂರಿನ ಮೇಲೆ ದಂಡೆತ್ತಿ ಬಂದ ಸಂಗತಿ ನಮ್ಮ ಓದುಗರಿಗೆ ತಿಳಿದದ್ದೇ. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಅವನ ವಶವಾಯಿತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿಯೂ ಗೆಲುವು ಅವನದೇ. ಶ್ರೀರಂಗಪಟ್ಟಣ ಕಣ್ಣಳತೆಯಲ್ಲಿತ್ತು. ಆದರೂ ಅವನು ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ. ಮಳೆ ಬೇಗ ಬಂದಿತ್ತು. ಎತ್ತುಗಳು ರೋಗದಿಂದ ಸಾಲುಸಾಲಾಗಿ ಸತ್ತಿದ್ದವು. ಸಿಪಾಯಿಗಳಿಗೆ ಅಕ್ಕಿ ಇರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮೇಲುಕೋಟೆಯ ಕಡೆ ಮರಾಠರ ಸೇನೆ ಎದುರಾಗಿ, ಅವರ ಶಿಬಿರದ ಪೇಟೆಯಲ್ಲಿ ಧಾನ್ಯ ದೊರೆಯದಿದ್ದರೆ ಆ ಸೇನೆಯ ಪಾಡು ಏನಾಗುತ್ತಿತ್ತೋ. ಮರುವರ್ಷದ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದಾಗ, ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುವ ಲಂಬಾಣಿ ವರ್ತಕರನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದ. ಅದರ ಫಲವಾಗಿ ಬಂದದ್ದು ಮಾರ್ಚಿಯ ಒಪ್ಪಂದ: ಟಿಪ್ಪು ಸುಲ್ತಾನ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಅದೇ 1791ರ ನವೆಂಬರ್ 4ರಂದು, ಇಂದಿನ ಒಹಾಯೊ ರಾಜ್ಯದ ಗಡಿಯ ಬಳಿ, ಸೇಂಟ್ ಕ್ಲೇರ್ ಎಂಬ ಸೇನಾಪತಿಯ ಕೈಕೆಳಗಿನ ಅಮೆರಿಕನ್ ಸೇನೆಯನ್ನು ಮೂಲನಿವಾಸಿಗಳ ಒಕ್ಕೂಟ ಧೂಳೀಪಟ ಮಾಡಿತು. ಸತ್ತ ಸೈನಿಕರು ಆರುನೂರಕ್ಕೂ ಹೆಚ್ಚು. ಪ್ರತಿನಿಧಿಸಭೆ ಮರುವರ್ಷ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿ ಯುದ್ಧ ಇಲಾಖೆಯ ಕಾಗದಗಳನ್ನು ತರಿಸಿಕೊಂಡು ನೋಡಿತು. ಕಾಂಗ್ರೆಸ್ ನಡೆಸಿದ ಮೊದಲ ವಿಚಾರಣೆಯೆಂದು ಅದು ಹೆಸರಾಗಿದೆ. ಸೇನಾಪತಿಯ ಮೇಲೆ ತಪ್ಪು ಹೊರಿಸದೆ, ಸರಕು ಪೂರೈಕೆಯ ಅವ್ಯವಸ್ಥೆ ಮತ್ತು ಗುತ್ತಿಗೆದಾರರ ಲೋಪಗಳತ್ತ ಸಮಿತಿ ಬೆರಳು ತೋರಿತು. ಪತ್ರಗಳೂ ರಸೀದಿಗಳೂ ಇಲ್ಲದಿದ್ದರೆ ಸೋತ ಸೇನಾಪತಿಯೊಬ್ಬನ ತಲೆಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಾಗುತ್ತಿತ್ತು. ಲೆಕ್ಕದ ಕಾಗದ ಕಳ್ಳನನ್ನು ಹಿಡಿಯುತ್ತದೆಂದು ಎಲ್ಲರೂ ಬಲ್ಲರು; ನಿರಪರಾಧಿಯನ್ನು ಕಾಯುತ್ತದೆಂಬುದನ್ನು ಮರೆಯುತ್ತೇವೆ.

ಹಾಗಾದರೆ 1800ರ ಬೆಂಕಿಯ ಬಳಿಕ ಆ ಕಾಗದಗಳ ಗತಿ ಏನಾಯಿತು? ಎರಡು ಶತಮಾನಗಳ ಕಾಲ ಅವು ಹೋದವೆಂದೇ ಎಲ್ಲರೂ ತಿಳಿದಿದ್ದರು. ಬಳಿಕ ಕೆಲವು ವಿದ್ವಾಂಸರು ಒಂದು ಸರಳವಾದ ಯೋಚನೆಯನ್ನು ಹಿಡಿದು ಹೊರಟರು. ಕಚೇರಿಯಲ್ಲಿದ್ದ ಪ್ರತಿ ಸುಟ್ಟಿರಬಹುದು. ಆದರೆ ಪತ್ರ ಒಬ್ಬರಿಗೆ ಬರೆದದ್ದಲ್ಲವೇ? ಅದು ತಲುಪಿದವರ ಮನೆಯಲ್ಲಿ ಮೂಲಪತ್ರ ಇರಬೇಕು. ಬಂದ ಪತ್ರವನ್ನು ಬರೆದವರು ತಮಗೊಂದು ನಕಲು ಇಟ್ಟುಕೊಂಡಿರಬೇಕು. ಹೀಗೆ ನೂರಾರು ಗ್ರಂಥಾಲಯಗಳಲ್ಲಿಯೂ ಪತ್ರಾಗಾರಗಳಲ್ಲಿಯೂ ಹುಡುಕಿ, ಸುಮಾರು 45,000 ಪತ್ರಗಳ ಪ್ರತಿಗಳನ್ನು ಒಂದೆಡೆ ಸೇರಿಸಿದರು. ಇಂದು ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದ ಆಶ್ರಯದಲ್ಲಿ ಅವನ್ನು ಯಾರು ಬೇಕಾದರೂ ಓದಬಹುದು. ಹಳೆಯ ಕೈಬರಹವನ್ನು ಬಿಡಿಸಿ ಬರೆದುಕೊಡುವ ಕೆಲಸದಲ್ಲಿ ಸಾಮಾನ್ಯ ಸ್ವಯಂಸೇವಕರೂ ಕೈಜೋಡಿಸಿದ್ದಾರೆ.

ಇದನ್ನು ಓದಿದಾಗ ನಮಗೆ ಶೃಂಗೇರಿಯ ಕಡತಗಳು ನೆನಪಾದವು. ಕಡತವೆಂಬ ಮಾತನ್ನು ಇಂದು ನಾವು ಕಚೇರಿಯ ಫೈಲಿಗೆ ಬಳಸುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟು, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ಲೆಕ್ಕ ಎಲ್ಲವೂ ಕಡತಗಳಲ್ಲಿಯೇ. ಕನ್ನಡದ ಗದ್ಯ ಕಾವ್ಯದ ಓಲೆಗಳಲ್ಲಿ ಎಷ್ಟು ಬಾಳಿತೋ ಈ ಕರಿಯ ಬಟ್ಟೆಯ ಮೇಲೂ ಅಷ್ಟೇ ಬಾಳಿತು.

1791ರಲ್ಲಿಯೇ, ಮೈಸೂರಿನ ಮೇಲೆ ಬಂದ ಮರಾಠಾ ಸೇನೆಯ ಒಂದು ದಂಡು ಶೃಂಗೇರಿಯನ್ನು ಕೊಳ್ಳೆಹೊಡೆಯಿತು. ಅಂದಿನ ಜಗದ್ಗುರುಗಳು ಟಿಪ್ಪು ಸುಲ್ತಾನನಿಗೆ ವಿಷಯ ತಿಳಿಸಿದರು. ಅವನು ಉತ್ತರ ಬರೆದ. ದೇವಿಯ ಪುನಃಪ್ರತಿಷ್ಠೆಗಾಗಿ 200 ರಾಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸಬೇಕೆಂದು ನಗರದ ಆಸಫನಿಗೆ ಅಪ್ಪಣೆ ಹೋಯಿತು. ವಿಚಾರ ಮಾಡಿ ನೋಡಿದರೆ ಇದೂ ಒಂದು ಸರಬರಾಜಿನ ಪತ್ರವೇ: ಯಾರು, ಯಾರಿಗೆ, ಎಷ್ಟು, ಏತಕ್ಕೆ. ಎಂಟು ವರ್ಷಗಳ ಬಳಿಕ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಅರಮನೆಯ ಕಾಗದಗಳು ಗೆದ್ದವರ ಕೈಗೆ ಸಿಕ್ಕವು. ಕೆಲವು ಹಡಗೇರಿ ಲಂಡನ್ನಿಗೆ ಹೋದವು. ಅವುಗಳಲ್ಲಿ ಆಯ್ದ ಕೆಲವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದು, ತನ್ನ ಕಡೆಯವರ ಗೆಲುವಿಗೆ ಒಪ್ಪುವ ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದ. ಆದರೆ ಶೃಂಗೇರಿಗೆ ಬಂದ ಕನ್ನಡ ಪತ್ರಗಳು ಶೃಂಗೇರಿಯಲ್ಲಿಯೇ ಉಳಿದವು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಆ ಅರಸನ ಬಗೆಗೆ ಇಂದು ಯಾರು ಯಾವ ನಿಲುವನ್ನೇ ತಳೆದಿರಲಿ, ವಾದ ಮಾಡುವವರೆಲ್ಲರೂ ಆ ಪತ್ರಗಳಿಗೆ ಮುಖಾಮುಖಿಯಾಗಲೇಬೇಕು. ಬರೆದವನ ಅರಮನೆ ಉಳಿಯಲಿಲ್ಲ. ಪಡೆದವರ ಪೆಟ್ಟಿಗೆ ಉಳಿಯಿತು.

ಈಗ ನಮ್ಮ ಪೆಟ್ಟಿಗೆಗಳಿಗೆ ಬರೋಣ. ಕೆಲವು ತಿಂಗಳುಗಳ ಹಿಂದೆ ನಮ್ಮ ಕೂಟಕ್ಕೆ ಒಬ್ಬ ಮಹಿಳೆಯಿಂದ ಪತ್ರ ಬಂದಿತು. ಅವರು ಐದು ವರ್ಷದ ಮಗುವಾಗಿದ್ದಾಗ ಅವರ ತಂದೆ ಇಲ್ಲಿ ಹಠಾತ್ತನೆ ತೀರಿಕೊಂಡರು. ಕೂಟದವರು ಹಣ ಸೇರಿಸಿ ದೇಹವನ್ನು ಊರಿಗೆ ಕಳುಹಿಸಿ, ತಾಯಿ-ಮಗಳನ್ನು ವಿಮಾನ ಹತ್ತಿಸಿದರಂತೆ. ಈಗ ಅವರ ತಾಯಿಯೂ ಇಲ್ಲ. ಅಂದು ನೆರವಾದವರು ಯಾರು ಯಾರು, ಅವರಲ್ಲಿ ಇಂದು ಇರುವವರು ಯಾರು ಎಂದು ತಿಳಿದುಕೊಳ್ಳುವ ಆಸೆ ಮಗಳದು. ನಾವು ಎಮರಿವಿಲ್ಲಿಗೆ ಹೋಗಿ ಎರಡು ಭಾನುವಾರ ಹುಡುಕಿದೆವು. ಅದರ ಹಿಂದಿನ ವರ್ಷದ ಲೆಕ್ಕಪುಸ್ತಕ ಸಿಕ್ಕಿತು, ಮುಂದಿನ ವರ್ಷದ್ದೂ ಸಿಕ್ಕಿತು. ಬೇಕಾಗಿದ್ದ ವರ್ಷದ್ದು ಇರಲಿಲ್ಲ. ನಾಚಿಕೆಯಿಂದಲೇ ಹಾಗೆಂದು ಬರೆದೆವು.

ಮೂರು ವಾರಗಳ ಬಳಿಕ ಅವರೇ ಒಂದು ಚಿತ್ರವನ್ನು ಕಳುಹಿಸಿದರು. ಅರಸೀಕೆರೆಯಲ್ಲಿ ಅವರ ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನಮ್ಮ ಕೂಟದ ಅಂದಿನ ಕಾರ್ಯದರ್ಶಿಗಳು ಬರೆದ ಪತ್ರ ದೊರೆಯಿತಂತೆ. ಎರಡು ಪುಟ, ಕೈಬರಹದ ಕನ್ನಡ. ಸಂತಾಪದ ಮಾತು ನಾಲ್ಕೇ ಸಾಲು. ಉಳಿದದ್ದೆಲ್ಲ ಲೆಕ್ಕ: ಕೊಟ್ಟವರ ಹೆಸರು, ಮೊತ್ತ, ವಿಮಾನದ ಖರ್ಚು, ಮಿಕ್ಕ ಹಣದ ಡ್ರಾಫ್ಟಿನ ವಿವರ. ಕೆಲವು ಹೆಸರುಗಳ ಮುಂದೆ ನೂರು ಡಾಲರ್. ಹಲವು ಹೆಸರುಗಳ ಮುಂದೆ ಐದು, ಹತ್ತು. ಕೊನೆಯಲ್ಲಿ, ಲೆಕ್ಕದಲ್ಲಿ ತಪ್ಪಿದ್ದರೆ ದಯಮಾಡಿ ತಿಳಿಸಬೇಕೆಂಬ ವಿನಂತಿ. ಆ ನಾಲ್ಕು ಸಾಲುಗಳಿಗಿಂತ ಈ ಲೆಕ್ಕದಲ್ಲಿಯೇ ಹೆಚ್ಚಿನ ಕರುಣೆ ನಮಗೆ ಕಂಡಿತು. ಅರಸೀಕೆರೆಯ ಒಬ್ಬ ತಾಯಿಗೆ, ಕಾಣದ ದೇಶದಲ್ಲಿ ತನ್ನ ಮಗನ ಸುತ್ತ ಎಷ್ಟು ಜನರಿದ್ದರೆಂದು ಆ ಪಟ್ಟಿಗಿಂತ ಸ್ಪಷ್ಟವಾಗಿ ಹೇಳುವ ಬಗೆ ಬೇರೆ ಯಾವುದಿತ್ತು?

ನಮ್ಮ ಪ್ರತಿ ಕಳೆದುಹೋಗಿತ್ತು. ಅವರ ಪ್ರತಿ ಉಳಿದಿತ್ತು. ನಮ್ಮದನ್ನು ಸುಡಲು ಬೆಂಕಿಯೇನೂ ಬಿದ್ದಿರಲಿಲ್ಲ. ಸಮಿತಿಯಿಂದ ಸಮಿತಿಗೆ, ಗ್ಯಾರೇಜಿನಿಂದ ಗ್ಯಾರೇಜಿಗೆ ಸಾಗುವಾಗ ಯಾರೋ ಬೇಡವೆಂದು ತೆಗೆದಿರಬೇಕು, ಅಷ್ಟೇ. ಇತ್ತೀಚಿನ ಕಾಗದಗಳ ಸ್ಥಿತಿ ಇನ್ನೂ ಕೆಟ್ಟದ್ದು. ಕಾಗದವೇ ಇಲ್ಲದ ವರ್ಷಗಳ ನಡಾವಳಿಗಳು, ಗುಪ್ತಪದ ಯಾರಿಗೂ ನೆನಪಿಲ್ಲದ ಇಮೇಲ್ ಖಾತೆಯೊಂದರಲ್ಲಿ ಬೀಗ ಹಾಕಿಕೊಂಡು ಕುಳಿತಿವೆ. ಗೆದ್ದಲಿಗೂ ಹಿಡಿಯದಷ್ಟು ಬೇಗ ಅವು ಹೋದವು.

ನಮ್ಮ ವಾದಕ್ಕೂ ಮಿತಿಯಿದೆ, ಒಪ್ಪುತ್ತೇವೆ. ಎಲ್ಲವನ್ನೂ ಇಡಬೇಕೆಂದು ಹೇಳುವವರು ಕೊನೆಗೆ ಯಾವುದನ್ನೂ ಇಡಲಾರರು. ಬ್ಯಾಂಕಿನ ಹಳೆಯ ಹೇಳಿಕೆಗಳು, ರದ್ದಾದ ಚೆಕ್ಕುಗಳು, ಒಂದೇ ಕರಪತ್ರದ ಇನ್ನೂರು ಪ್ರತಿಗಳು ಬೇಡ. ಕಾನೂನಿನ ಅವಧಿ ಮುಗಿದಿದ್ದರೆ ಚೂರು ಮಾಡಿಸಿ ಎಸೆಯಲಿ. ಅದಕ್ಕಿಂತ ಗಂಭೀರವಾದ ಆಕ್ಷೇಪವೊಂದನ್ನು ಹಿರಿಯ ಸದಸ್ಯರೊಬ್ಬರು ಎತ್ತಿದ್ದಾರೆ: ಐದು ಡಾಲರ್ ಕೊಟ್ಟವರ ಹೆಸರು ಇಂದು ಬಯಲಾಗಬೇಕೇ? ಅಂದು ವಿದ್ಯಾರ್ಥಿಯಾಗಿದ್ದವರಿಗೆ ಐದು ಡಾಲರ್ ಒಂದು ದಿನದ ಊಟ. ಇಂದು ಓದುವವರಿಗೆ ಅದು ಜಿಪುಣತನವೆಂದು ತೋರಬಹುದು. ಸಾಲ ಕೇಳಿ ಬರೆದ ಪತ್ರಗಳು, ಸಂಸಾರದ ಸಂಕಟ ಹೇಳಿಕೊಂಡ ಪತ್ರಗಳೂ ಅಲ್ಲಿವೆ. ಈ ಮಾತಿಗೆ ನಾವು ತಲೆಬಾಗುತ್ತೇವೆ. ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ವ್ಯಕ್ತಿಗಳ ಹೆಸರಿರುವ ಕಾಗದಗಳು ಮುಚ್ಚಿಯೇ ಇರಲಿ. ಆಯಾ ಕುಟುಂಬದವರು ಕೇಳಿದಾಗ ಮಾತ್ರ ತೆರೆಯಲಿ. ಅರಸೀಕೆರೆಯ ಪತ್ರವನ್ನೂ ಆ ಮಹಿಳೆಯ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ಪ್ರಸ್ತಾಪಿಸಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ಮೂರು ಕೆಲಸಗಳನ್ನು ನಾವು ಸೂಚಿಸುತ್ತೇವೆ.

ಮೊದಲನೆಯದು, ಪೆಟ್ಟಿಗೆಗಳನ್ನು ಎಸೆಯುವ ಮುನ್ನ ತೆರೆಯುವುದು. ನಾಲ್ಕು ಶನಿವಾರ, ಆರು ಜನ ಸಾಕು. ನಡಾವಳಿ, ಲೆಕ್ಕಪುಸ್ತಕ, ಪತ್ರ, ಸಾಮಾನಿನ ಪಟ್ಟಿ ಎಂದು ಬೇರ್ಪಡಿಸಿ, ಇಸವಿ ಬರೆದು, ಸ್ಕ್ಯಾನ್ ಮಾಡಿ, ಮೂರು ಬೇರೆ ಬೇರೆ ಕಡೆ ಪ್ರತಿ ಇಡೋಣ. ಹನ್ನೊಂದು ಪೆಟ್ಟಿಗೆ ಎರಡಕ್ಕೆ ಇಳಿದರೆ ಚಿಕ್ಕ ಕೋಣೆಯಲ್ಲಿಯೂ ಅವಕ್ಕೆ ಜಾಗವಿದೆ.

ಎರಡನೆಯದು, ನಮ್ಮ ಕನ್ನಡ ಶಾಲೆಯ ದೊಡ್ಡ ತರಗತಿಯ ಮಕ್ಕಳಿಗೆ ಹೆಸರುಗಳಿಲ್ಲದ ಪಟ್ಟಿಗಳನ್ನು ಓದಲು ಕೊಡುವುದು. ಅಚ್ಚಿನ ಅಕ್ಷರ ಓದಬಲ್ಲ ನಮ್ಮ ಮಕ್ಕಳು ಕೈಬರಹದ ಮುಂದೆ ತಡವರಿಸುತ್ತಾರೆ. ಯುಗಾದಿಯ ಅಡುಗೆಯ ಹಳೆಯ ಪಟ್ಟಿಯೊಂದರ ಅಂಚಿನಲ್ಲಿ ಯಾರೋ ಬರೆದಿದ್ದಾರೆ: ಹುಣಸೆಹಣ್ಣು ಸಾಲಲಿಲ್ಲ, ಮುಂದಿನ ವರ್ಷ ಎರಡು ಪಟ್ಟು. ಮರುವರ್ಷದ ಪಟ್ಟಿ ತೆಗೆದು ನೋಡಿದರೆ ಹುಣಸೆಹಣ್ಣು ಎರಡು ಪಟ್ಟು ಇದೆ. ಇಂಥದನ್ನು ತಾನೇ ಪತ್ತೆ ಮಾಡಿದ ಮಗು ಕನ್ನಡವನ್ನು ಪ್ರೀತಿಸಲು ಕಲಿಯದೆಂದು ಹೇಳುವ ಧೈರ್ಯ ನಮಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅದು ನಿಮ್ಮ ಕೈಯಲ್ಲಿದೆ. ನಮ್ಮ ಕೂಟ ಬರೆದ ಪತ್ರಗಳ ಮೂಲಪ್ರತಿಗಳು ನಮ್ಮಲ್ಲಿಲ್ಲ, ನಿಮ್ಮಲ್ಲಿವೆ. ನಿಮ್ಮ ಗ್ಯಾರೇಜಿನ ಮೇಲ್ಗಟ್ಟಿನಲ್ಲಿ, ಮದುವೆಯ ಆಲ್ಬಮ್ಮಿನ ನಡುವೆ, ಊರಿನಲ್ಲಿ ತಂದೆತಾಯಿಯರ ಬೀರುವಿನಲ್ಲಿ ಒಮ್ಮೆ ನೋಡಿ. ಮುಂದಿನ ಬಾರಿ ಊರಿಗೆ ಹೋದಾಗ ಅಜ್ಜಿಯ ಟ್ರಂಕನ್ನು ತೆರೆಯಲು ಅಪ್ಪಣೆ ಕೇಳಿ. ಸಿಕ್ಕ ಕಾಗದ ನಿಮ್ಮಲ್ಲಿಯೇ ಇರಲಿ, ನಮಗೊಂದು ಚಿತ್ರ ಸಾಕು.

ಎಮರಿವಿಲ್ಲಿನ ಸ್ಟೋರೇಜಿಗೆ ಹೋಗುವಾಗ ನಮ್ಮಲ್ಲಿ ಬಹಳಷ್ಟು ಮಂದಿ ಶೆಲ್‌ಮೌಂಡ್ ಸ್ಟ್ರೀಟ್ ಎಂಬ ಬೀದಿಯನ್ನು ಹಾಯುತ್ತೇವೆ. ಅಲ್ಲಿ ಒಂದು ಕಾಲಕ್ಕೆ ಅರುವತ್ತು ಅಡಿಗೂ ಎತ್ತರವಾದ ಚಿಪ್ಪಿನ ದಿಬ್ಬವಿತ್ತು. ಓಲೋನಿ ಜನರ ಪೂರ್ವಿಕರು ಸಾವಿರಾರು ವರ್ಷಗಳ ಕಾಲ ಉಂಡುಬಿಟ್ಟ ಚಿಪ್ಪು, ಮೂಳೆ, ಒಲೆಯ ಬೂದಿಯಿಂದ ಬೆಳೆದದ್ದು ಅದು. ತಮ್ಮ ಸತ್ತವರನ್ನೂ ಅವರು ಅಲ್ಲಿಯೇ ಮಣ್ಣು ಮಾಡಿದ್ದರು. 1902ರಲ್ಲಿ ಮ್ಯಾಕ್ಸ್ ಊಲೆ ಎಂಬ ವಿದ್ವಾಂಸ ಅದನ್ನು ಅಗೆದು, ಪದರ ಪದರವಾಗಿ ಓದಲು ತೊಡಗಿದ. 1924ರಲ್ಲಿ ಕಾರ್ಖಾನೆ ಕಟ್ಟಲೆಂದು ದಿಬ್ಬವನ್ನು ನೆಲಸಮ ಮಾಡಿದರು. ಇಂದು ಅಲ್ಲಿ ಅಂಗಡಿಗಳ ಸಾಲಿದೆ. ದಿಬ್ಬದ ಹೆಸರು ಬೀದಿಗೆ ಉಳಿದಿದೆ. ಆ ಜನರ ವಂಶದವರು ಇಂದಿಗೂ ಈ ಕೊಲ್ಲಿಯ ಸುತ್ತ ಬಾಳುತ್ತಿದ್ದಾರೆ. ತಮ್ಮ ಹಿರಿಯರ ನೆಲೆಗಾಗಿ ದನಿಯೆತ್ತುತ್ತಿದ್ದಾರೆ. ಅವರಿಂದ ಬಲವಂತವಾಗಿ ಕಸಿದುಕೊಂಡದ್ದನ್ನು ನಮ್ಮ ಸೋಮಾರಿತನದ ಜೊತೆ ಹೋಲಿಸುವುದು ಸರಿಯಲ್ಲ. ಆದರೆ ಒಂದು ಪಾಠವನ್ನು ಆ ಬೀದಿ ನಮಗೆ ಹೇಳುತ್ತದೆ: ಕಸವೆಂದು ತಿಳಿದು ಅಗೆದು ಹಾಕಿದ್ದು ಒಂದು ಜನಾಂಗದ ಅಡುಗೆಮನೆಯ ಲೆಕ್ಕಪುಸ್ತಕವಾಗಿತ್ತು.

ಸ್ಟೋರೇಜಿನ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಅಲ್ಲಿರುತ್ತೇವೆ. ಕೈಗವಸು ತನ್ನಿ, ಕಾಫಿ, ಉಪ್ಪಿಟ್ಟು ನಮ್ಮದು. ಅದರ ಲೆಕ್ಕವನ್ನೂ ಬರೆದಿಡುತ್ತೇವೆ.

ಸಂಪಾದಕ ಮಂಡಳಿ